ಲಂಡನ್ನಿಗೆ ಹೊಸದಾಗಿ ಬಂದವರಿಗೆ: ಕಾಲುವೆಯ ದಂಡೆಯಲ್ಲಿ ಇತಿಹಾಸದ ನಡಿಗೆ

ಲಂಡನ್ನಿಗೆ ಬಂದ ಮೊದಲ ವರ್ಷ ನಮ್ಮವರಲ್ಲಿ ಹೆಚ್ಚಿನವರು ಊರನ್ನು ಕಾಣುವುದು ಟ್ಯೂಬ್ ರೈಲಿನ ನಕ್ಷೆಯಲ್ಲಿ. ಹೌನ್ಸ್‌ಲೋದಲ್ಲೋ ಹ್ಯಾರೋದಲ್ಲೋ ಹತ್ತುತ್ತೇವೆ, ಕಚೇರಿಯ ಹತ್ತಿರ ಇಳಿಯುತ್ತೇವೆ. ನಡುವಿನ ಊರು ಹೇಗಿದೆ, ಯಾರು ಕಟ್ಟಿದರು ಎಂಬುದು ಗೊತ್ತಾಗುವುದೇ ಇಲ್ಲ. ಊರಿನಿಂದ ಯಾರಾದರೂ ಬಂದರೆ ಟವರ್ ಬ್ರಿಜ್, ಅರಮನೆ, ಆಲ್ಬರ್ಟ್ ದಂಡೆಯಲ್ಲಿರುವ ಬಸವಣ್ಣನವರ ಪ್ರತಿಮೆ ತೋರಿಸಿಕೊಂಡು ಬರುತ್ತೇವೆ. ಅವೆಲ್ಲ ನೋಡಲೇಬೇಕಾದವು, ಸರಿ. ಆದರೆ ಹೊಸದಾಗಿ ಬಂದವರಿಗೆ ನಾನು ಒತ್ತಾಯಪೂರ್ವಕವಾಗಿ ಹೇಳುವ ಮಾತೊಂದಿದೆ: ಮೊದಲ ಆರು ತಿಂಗಳೊಳಗೆ ಕಾಲುವೆಯ ದಂಡೆಯಲ್ಲಿ ನಡೆಸುವ ಇತಿಹಾಸ ನಡಿಗೆಯೊಂದಕ್ಕೆ ಹೋಗಿ. ಈ ನಗರ ದುಡಿದದ್ದು ಹೇಗೆ ಎಂಬುದನ್ನು ಕೈಯಿಂದ ಮುಟ್ಟಿ ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ನಾನು ಹೇಳುತ್ತಿರುವುದು ಮುಖ್ಯವಾಗಿ ರೀಜೆಂಟ್ಸ್ ಕಾಲುವೆಯ ವಿಷಯ. ಪಶ್ಚಿಮದ ಪ್ಯಾಡಿಂಗ್ಟನ್ ಬಳಿಯ ಲಿಟಲ್ ವೆನಿಸ್‌ನಿಂದ ಪೂರ್ವದ ಲೈಮ್‌ಹೌಸ್‌ವರೆಗೆ, ಅಲ್ಲಿ ಥೇಮ್ಸ್ ಸೇರುವ ತನಕ, ಸುಮಾರು 14 ಕಿಲೋಮೀಟರ್ ಉದ್ದ. 1812ರಲ್ಲಿ ಸಂಸತ್ತಿನ ಕಾಯ್ದೆಯಾಯಿತು, 1816ರಲ್ಲಿ ಕ್ಯಾಮ್ಡೆನ್‌ವರೆಗೆ ನೀರು ಹರಿಯಿತು, 1820ರಲ್ಲಿ ಪೂರ್ತಿಯಾಯಿತು. ಹಡಗುಗಳಲ್ಲಿ ಬಂದ ಕಲ್ಲಿದ್ದಲು, ಮರ, ಧಾನ್ಯವನ್ನು ನಗರದ ಬೆನ್ನಿನ ಕಡೆಯಿಂದ ಒಳಗೆ ಸಾಗಿಸುವುದು ಅದರ ಕೆಲಸ. ಪಕ್ಕದಲ್ಲಿ ನಾವು ನಡೆಯುವ ಹಾದಿ ವಾಯುವಿಹಾರಕ್ಕೆಂದು ಮಾಡಿದ್ದಲ್ಲ. ದೋಣಿ ಎಳೆಯುವ ಕುದುರೆಗೆಂದು ಮಾಡಿದ್ದು. ಇಲ್ಲಿ ಅದನ್ನು ಟೋಪಾತ್ ಎನ್ನುತ್ತಾರೆ. ಒಂದು ಕುದುರೆ, ಒಂದು ಹಗ್ಗ, ಹಿಂದೆ ಹತ್ತಾರು ಟನ್ ಸರಕು. ಕುದುರೆ ಎಳೆದ ಕೊನೆಯ ಸರಕು ದೋಣಿ ಇಲ್ಲಿ ಸಾಗಿದ್ದು 1956ರಲ್ಲಿ, ಅಂದರೆ ನಮ್ಮ ರಾಜ್ಯ ಏಕೀಕರಣವಾದ ವರ್ಷದಲ್ಲಿ. ಅಷ್ಟು ಈಚಿನ ಮಾತು.

ಒಬ್ಬರೇ ನಡೆದರೆ ಸಾಲದೇ ಎಂದು ಕೇಳುವವರಿದ್ದಾರೆ. ನಡೆಯಬಹುದು, ಹಾದಿ ಎಲ್ಲರಿಗೂ ತೆರೆದಿದೆ, ಶುಲ್ಕವಿಲ್ಲ. ಆದರೆ ಇಲ್ಲಿನ ಇತಿಹಾಸ ಫಲಕಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಇಟ್ಟಿಗೆಯಲ್ಲಿ, ಕಬ್ಬಿಣದಲ್ಲಿ ಇದೆ. ತೋರಿಸುವವರಿಲ್ಲದಿದ್ದರೆ ಕಣ್ಣೆದುರೇ ಇದ್ದರೂ ಕಾಣುವುದಿಲ್ಲ. ಸೇತುವೆಗಳ ಮೂಲೆಗೆ ಹೊಡೆದ ಕಬ್ಬಿಣದ ಪಟ್ಟಿಗಳನ್ನೇ ನೋಡಿ. ಸೇತುವೆಯಡಿ ಹಾದಿ ತಿರುಗುವಲ್ಲಿ ಹಗ್ಗ ಇಟ್ಟಿಗೆಯನ್ನು ಕೊರೆಯದಿರಲಿ ಎಂದು ಇವನ್ನು ಜಡಿದರು. ಆ ಹಗ್ಗ ಕಬ್ಬಿಣವನ್ನೇ ಕೊರೆಯಿತು. ಹಳ್ಳಿಯ ಸೇದುವ ಬಾವಿಯ ಕಲ್ಲಿನ ಮೇಲೆ ಹಗ್ಗ ಉಜ್ಜಿ ಬಿದ್ದ ಗೀರುಗಳಂತೆಯೇ ಇವು, ಬೆರಳು ಹೂತುಹೋಗುವಷ್ಟು ಆಳ. ನೆನೆದ ಹಗ್ಗಕ್ಕೆ ಮರಳು, ಮಣ್ಣು ಮೆತ್ತಿಕೊಂಡು ಅರದಂತಾಗುತ್ತಿತ್ತು ಎಂದು ಮಾರ್ಗದರ್ಶಕರು ವಿವರಿಸುವಾಗ ಬೆರಳಿಟ್ಟು ನೋಡಿ. ಒಂದು ಶತಮಾನಕ್ಕೂ ಹೆಚ್ಚು ಕಾಲದ ದುಡಿಮೆ ಅಲ್ಲಿದೆ.

ಇದೇ ಗುರುತನ್ನು ಇಟ್ಟುಕೊಂಡು ರೀಜೆಂಟ್ಸ್ ಪಾರ್ಕಿನ ಉತ್ತರಕ್ಕಿರುವ ಮ್ಯಾಕಲ್ಸ್‌ಫೀಲ್ಡ್ ಸೇತುವೆಗೆ ಬಂದರೆ ಒಂದು ವಿಚಿತ್ರ ಕಾಣುತ್ತದೆ. ಅಲ್ಲಿನ ಎರಕದ ಕಂಬಗಳಲ್ಲಿ ಗೀರುಗಳು ಹಾದಿಯ ಕಡೆಗೂ ಇವೆ, ಹಗ್ಗ ತಾಗಲು ಸಾಧ್ಯವೇ ಇಲ್ಲದ ಹಿಂಬದಿಗೂ ಇವೆ. 1874ರ ಅಕ್ಟೋಬರ್ 2ರ ನಸುಕಿನಲ್ಲಿ ಸಿಡಿಮದ್ದು ಮತ್ತು ಪೆಟ್ರೋಲಿಯಂ ಹೇರಿಕೊಂಡಿದ್ದ ‘ಟಿಲ್ಬರಿ’ ಎಂಬ ದೋಣಿ ಸರಿಯಾಗಿ ಈ ಸೇತುವೆಯಡಿ ಸ್ಫೋಟಿಸಿತು. ದೋಣಿಯಲ್ಲಿದ್ದ ಮೂವರೂ ಸತ್ತರು, ಸೇತುವೆ ಛಿದ್ರವಾಯಿತು. ಮತ್ತೆ ಕಟ್ಟುವಾಗ ಹಳೆಯ ಕಂಬಗಳನ್ನೇ ಎತ್ತಿ ನಿಲ್ಲಿಸಿದರು, ಸವೆಯದ ಬದಿ ಹಾದಿಗೆ ಬರುವಂತೆ ತಿರುಗಿಸಿ. ಹೊಸ ಬದಿಯನ್ನೂ ಹಗ್ಗಗಳು ಕೊರೆದವು. ಈ ಕಂಬವನ್ನು ಸುತ್ತಿ ನೋಡಿದವರಿಗೆ ಅಪಘಾತದ ಕಥೆಯನ್ನು ಬೇರೆ ಹೇಳಬೇಕಾಗಿಲ್ಲ.

ಮೊದಲ ನಡಿಗೆಗೆ ನಾನು ಸೂಚಿಸುವುದು ಲಿಟಲ್ ವೆನಿಸ್‌ನಿಂದ ಕ್ಯಾಮ್ಡೆನ್‌ವರೆಗಿನ ಭಾಗ. ವಾರ್ವಿಕ್ ಅವೆನ್ಯೂ ಟ್ಯೂಬ್ ನಿಲ್ದಾಣದಿಂದ ಹತ್ತಿರ. ಮಧ್ಯೆ ಮೈಡಾ ಹಿಲ್ ಸುರಂಗ ಬರುವಲ್ಲಿ ರಸ್ತೆಗೆ ಹತ್ತಿ ಇಳಿಯಬೇಕು, ಉಳಿದಂತೆ ಹಾದಿ ಸಮತಟ್ಟು. ದೋಣಿಯನ್ನು ಏರಿಸಿ ಇಳಿಸುವ ಗೇಟಿನ ಕಟ್ಟೆಗಳು, ಅಂದರೆ ಲಾಕ್‌ಗಳು, ಈ ಭಾಗದಲ್ಲಿ ಇಲ್ಲವೇ ಇಲ್ಲ. ಮೃಗಾಲಯದ ನಡುವೆಯೇ ಕಾಲುವೆ ಹರಿಯುವುದರಿಂದ ಮಕ್ಕಳಿಗೆ ಹಬ್ಬ. ಕ್ಯಾಮ್ಡೆನ್‌ನಲ್ಲಿ ಹ್ಯಾಂಪ್‌ಸ್ಟೆಡ್ ರೋಡ್ ಲಾಕ್ ಸಿಗುತ್ತದೆ. ಅಲ್ಲಿಂದ ಥೇಮ್ಸ್‌ವರೆಗೆ ಕಾಲುವೆ ಹನ್ನೆರಡು ಲಾಕ್‌ಗಳ ಮೂಲಕ ಸುಮಾರು 26 ಮೀಟರ್ ಕೆಳಗಿಳಿಯುತ್ತದೆ. ಎರಡು ತುದಿಗೂ ಗೇಟು ಇರುವ ಕಟ್ಟೆಯೊಳಗೆ ದೋಣಿಯನ್ನು ಬಿಟ್ಟುಕೊಂಡು, ನೀರು ತುಂಬಿಸಿ ಅಥವಾ ಬಸಿದು ದೋಣಿಯನ್ನು ಏರಿಸುವ, ಇಳಿಸುವ ಏರ್ಪಾಡಿದು. ಮೋಟಾರಿಲ್ಲ, ಮರದ ಉದ್ದನೆಯ ತೊಲೆಗೆ ಬೆನ್ನು ಕೊಟ್ಟು ಮನುಷ್ಯರೇ ಗೇಟು ತಳ್ಳುತ್ತಾರೆ. ದೋಣಿ ಬಂದಿದ್ದರೆ ಅವಸರ ಮಾಡದೆ ನಿಂತು ನೋಡಿ. ಕೇಳಿದರೆ ತೊಲೆ ತಳ್ಳಲು ನಿಮ್ಮನ್ನೂ ಕರೆಯುವ ದೋಣಿಯವರಿದ್ದಾರೆ. ಒಂದೊಂದು ಸಲ ಲಾಕ್ ತೆರೆದಾಗಲೂ ಅಪಾರ ನೀರು ಕೆಳಕ್ಕೆ ಹೋಗುವುದರಿಂದ ಕಾಲುವೆಗೆ ನೀರಿನ ಕೊರತೆ ಬಿತ್ತು. ಅದಕ್ಕೆಂದು 1830ರ ದಶಕದಲ್ಲಿ ಕಟ್ಟಿದ ಕೆರೆಯೇ ವೆಲ್ಷ್ ಹಾರ್ಪ್. ಹೆಂಡನ್, ಕಿಂಗ್ಸ್‌ಬರಿ ಕಡೆ ಮನೆ ಮಾಡಿದ ನಮ್ಮವರು ಅಲ್ಲಿ ಬಾತುಕೋಳಿ ನೋಡಲು ಹೋಗುತ್ತಾರೆ; ಅದು ಈ ಲಾಕ್‌ಗಳಿಗಾಗಿ ಹುಟ್ಟಿದ ಕೆರೆ.

ಕಿಂಗ್ಸ್ ಕ್ರಾಸ್ ಭಾಗಕ್ಕೆ ಬಂದರೆ ನ್ಯೂ ವಾರ್ಫ್ ರಸ್ತೆಯ ಲಂಡನ್ ಕಾಲುವೆ ಸಂಗ್ರಹಾಲಯವನ್ನು ಬಿಡಬೇಡಿ. ಆ ಕಟ್ಟಡ ಕಾರ್ಲೊ ಗಟ್ಟಿ ಎಂಬ ವ್ಯಾಪಾರಿಯ ಮಂಜುಗಡ್ಡೆಯ ಉಗ್ರಾಣವಾಗಿತ್ತು. ಗಟ್ಟಿ ಸ್ವಿಟ್ಜರ್‌ಲೆಂಡಿನಿಂದ ವಲಸೆ ಬಂದವರು, ಐಸ್‌ಕ್ರೀಂ ಮಾರಿ ಹೆಸರಾದವರು. ನಾರ್ವೆಯಲ್ಲಿ ಕಡಿದ ಮಂಜುಗಡ್ಡೆ ಹಡಗಿನಲ್ಲಿ ಲೈಮ್‌ಹೌಸ್‌ಗೆ, ಅಲ್ಲಿಂದ ದೋಣಿಯಲ್ಲಿ ಇಲ್ಲಿಗೆ ಬಂದು, ನೆಲದಡಿಯ ದೊಡ್ಡ ಬಾವಿಗಳಲ್ಲಿ ಸೇರುತ್ತಿತ್ತು. ಆ ಬಾವಿಯನ್ನು ಇಣುಕಿ ನೋಡಬಹುದು. ಹತ್ತಿರದಲ್ಲೇ ಇಸ್ಲಿಂಗ್ಟನ್ ಸುರಂಗ, 878 ಮೀಟರ್ ಉದ್ದ, ಒಳಗೆ ಹಾದಿಯಿಲ್ಲ. ಕುದುರೆಯನ್ನು ಬಿಚ್ಚಿ ಗುಡ್ಡದ ಮೇಲಿಂದ ನಡೆಸಿಕೊಂಡು ಹೋಗುತ್ತಿದ್ದರು. ದೋಣಿಯವರು ಮಲಗಿ ಸುರಂಗದ ಗೋಡೆಗೆ ಕಾಲು ಒದೆಯುತ್ತ ಆ ಕತ್ತಲೆಯಲ್ಲಿ ದೋಣಿಯನ್ನು ಮುಂದಕ್ಕೆ ತಳ್ಳಬೇಕಿತ್ತು. 1826ರಲ್ಲಿ ಉಗಿಯಂತ್ರದ ದೋಣಿ ಬಂದ ಮೇಲೆ ಆ ಕಷ್ಟ ತಪ್ಪಿತು. ಇಂದಿಗೂ ನಡೆಯುವವರು ಕುದುರೆಗಳಂತೆ ಗುಡ್ಡ ಹತ್ತಿ, ಚಾಪೆಲ್ ಮಾರ್ಕೆಟ್ ಬೀದಿಯ ತರಕಾರಿ ಗಾಡಿಗಳ ನಡುವೆ ಹಾದು, ಆಚೆ ಇಳಿಯಬೇಕು.

ಕಾಲುವೆ ಬರೀ ಹಳೆಯ ಕಾಲದ್ದು ಎಂದುಕೊಳ್ಳುವವರಿಗೆ ಒಂದು ವಿಷಯ. ಸೇಂಟ್ ಜಾನ್ಸ್ ವುಡ್‌ನಿಂದ ಸಿಟಿ ರೋಡ್‌ವರೆಗೆ ಈ ಹಾದಿಯ ಕೆಳಗೆ 1979ರಲ್ಲಿ 400 ಕಿಲೋವೋಲ್ಟಿನ ವಿದ್ಯುತ್ ಕೇಬಲ್ ಹೂಳಿದರು. ಅದು ಕಾಯದಂತೆ ತಂಪು ಮಾಡುವುದು ಕಾಲುವೆಯ ನೀರೇ.

ಪೂರ್ವದ ತುದಿ ನಮಗೆ ಹತ್ತಿರದ್ದು. ಲೈಮ್‌ಹೌಸ್ ಹಡಗುಕಟ್ಟೆಯ ಸುತ್ತಮುತ್ತ ಭಾರತದ ನಾವಿಕರು, ಲಸ್ಕರರು ಎಂದು ಕರೆಸಿಕೊಂಡವರು, ಕೂಲಿ ಸಿಗದೆ ಚಳಿಯಲ್ಲಿ ಬೀದಿಪಾಲಾಗುತ್ತಿದ್ದರು. ಅಂಥವರಿಗಾಗಿ 1857ರಲ್ಲಿ ವೆಸ್ಟ್ ಇಂಡಿಯಾ ಡಾಕ್ ರಸ್ತೆಯಲ್ಲಿ ವಸತಿಗೃಹವೊಂದು ತೆರೆಯಿತು; ಕಟ್ಟಡ ಈಗಿಲ್ಲ. ಲೈಮ್‌ಹೌಸ್ ಕಟ್ ಎಂಬ ಇನ್ನೂ ಹಳೆಯ, 1770ರ ಕಾಲುವೆಯ ದಂಡೆ ಹಿಡಿದು ಬೋ ಕಡೆ ಹೋದರೆ ಕಿಂಗ್ಸ್‌ಲಿ ಹಾಲ್ ದೂರವಿಲ್ಲ. 1931ರಲ್ಲಿ ದುಂಡು ಮೇಜಿನ ಪರಿಷತ್ತಿಗೆ ಬಂದ ಗಾಂಧೀಜಿ ದೊಡ್ಡ ಹೋಟೆಲುಗಳನ್ನು ಬಿಟ್ಟು ಕಾರ್ಮಿಕರ ಬಡಾವಣೆಯ ಈ ಸಮುದಾಯ ಭವನದಲ್ಲಿ ಉಳಿದುಕೊಂಡರು, ಬೆಳಗಿನ ಹೊತ್ತು ಈ ಬೀದಿಗಳಲ್ಲೇ ನಡೆದಾಡಿದರು. ಇದನ್ನು ನಮ್ಮ ಮಕ್ಕಳಿಗೆ ತೋರಿಸಲೇಬೇಕು.

ಪಶ್ಚಿಮದಲ್ಲಿ ಇರುವವರು ಇಷ್ಟು ದೂರ ಬರಬೇಕಾಗಿಲ್ಲ. ಸೌತಾಲ್, ಹೌನ್ಸ್‌ಲೋದವರಿಗೆ ಗ್ರ್ಯಾಂಡ್ ಯೂನಿಯನ್ ಎಂಬ ಬೇರೊಂದು ಕಾಲುವೆಯ ಹ್ಯಾನ್‌ವೆಲ್ ಲಾಕ್‌ಗಳ ಸಾಲು ಬಸ್ಸಿನ ದೂರ: ಸಾಲಾಗಿ ಆರು ಲಾಕ್, 1794ರ ಕೆಲಸ, ಪಕ್ಕದಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯ ಎತ್ತರದ ಗೋಡೆ. 1839ರಲ್ಲಿ ಜಾನ್ ಕಾನೊಲಿ ಎಂಬ ವೈದ್ಯರು ರೋಗಿಗಳನ್ನು ಕಟ್ಟಿಹಾಕುವ ಪದ್ಧತಿಯನ್ನು ನಿಲ್ಲಿಸಿದ್ದು ಈ ಗೋಡೆಯ ಆಚೆಗೆ. ಸ್ವಲ್ಪ ಮುಂದೆ ಹೆಸರಾಂತ ಎಂಜಿನಿಯರ್ ಬ್ರೂನೆಲ್ ವಿನ್ಯಾಸದ ಸೇತುವೆ. ಮೇಲೆ ರಸ್ತೆ, ನಡುವೆ ಕಾಲುವೆ, ಕೆಳಗೆ ರೈಲು. ಸ್ಲೌ ಪಟ್ಟಣಕ್ಕೂ 1882ರಲ್ಲಿ ತೆರೆದ, ಇಟ್ಟಿಗೆ ಸಾಗಿಸಿದ ತನ್ನದೇ ಕಾಲುವೆಯಿದೆ. ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್‌ನವರೂ ತಮ್ಮ ಊರಿನಲ್ಲಿ ವಿಚಾರಿಸಿ.

ನಡಿಗೆ ನಡೆಸುವವರು ಬಹುಪಾಲು ಸ್ವಯಂಸೇವಕರು. 1946ರಲ್ಲಿ ಕಾಲುವೆಗಳು ಮುಚ್ಚಿಹೋಗದಂತೆ ಹೋರಾಡಲು ಹುಟ್ಟಿದ ಇನ್‌ಲ್ಯಾಂಡ್ ವಾಟರ್‌ವೇಸ್ ಅಸೋಸಿಯೇಷನ್ ಲಂಡನ್ನಿನಲ್ಲಿ ಇಂಥ ನಡಿಗೆಗಳನ್ನು ನಡೆಸುತ್ತ ಬಂದಿದೆ, ಸಂಗ್ರಹಾಲಯದಲ್ಲೂ ಕೇಳಿ. ದಿನ, ಶುಲ್ಕ ಬದಲಾಗುತ್ತಿರುತ್ತವೆ, ಮೊದಲೇ ನೋಡಿಕೊಳ್ಳಿ. ಸಾಮಾನ್ಯವಾಗಿ ಟ್ಯೂಬ್ ನಿಲ್ದಾಣದ ಹೊರಗೆ ಸೇರಿ, ಸುಮಾರು ಎರಡು ಗಂಟೆ ನಡೆಯುತ್ತಾರೆ. ಹೇಳಿದ ಸಮಯಕ್ಕೆ ಹೊರಟೇಬಿಡುತ್ತಾರೆ, ಆದ್ದರಿಂದ ಹತ್ತು ನಿಮಿಷ ಮುಂಚೆ ಇರಿ. ಇಂಗ್ಲಿಷ್ ಉಚ್ಚಾರ ಇನ್ನೂ ಕಿವಿಗೆ ಹಿಡಿಯದಿದ್ದರೆ ಸಂಕೋಚಪಡದೆ ಮುಂದೆ ನಿಲ್ಲಿ; ಹಾದಿ ಕಿರಿದು, ಹಿಂದೆ ಉಳಿದವರಿಗೆ ಅರ್ಧ ಮಾತು ಕೇಳಿಸುವುದಿಲ್ಲ. ಪ್ರಶ್ನೆ ಕೇಳಿ. ಇವರು ಪ್ರೀತಿಯಿಂದ ಈ ಕೆಲಸ ಮಾಡುವವರು, ಕೇಳಿದಷ್ಟೂ ಹೇಳುತ್ತಾರೆ.

ಕಾಲಿಗೆ ಜಾರದ ಬೂಟು ಹಾಕಿಕೊಳ್ಳಿ. ಮಳೆ ಬಂದರೆ ಸೇತುವೆಯಡಿಯ ಕಲ್ಲು ಪಾಚಿಗಟ್ಟಿರುತ್ತದೆ. ನೀರಿನ ಅಂಚಿಗೆ ಕಂಬಿ, ತಡೆಗೋಡೆ ಇರುವುದಿಲ್ಲ, ಆದ್ದರಿಂದ ಚಿಕ್ಕ ಮಕ್ಕಳ ಕೈಯನ್ನು ಬಿಡಲೇಬೇಡಿ. ಸೈಕಲ್ ಗಂಟೆ ಕೇಳಿದರೆ ಗೋಡೆಯ ಕಡೆಗೆ ಸರಿಯಿರಿ, ನೀರಿನ ಕಡೆಗಲ್ಲ. ಚಳಿಗಾಲದಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ. ಬೆಳಗಿನ ನಡಿಗೆ ಆರಿಸಿಕೊಳ್ಳಿ. ದಾರಿಯಲ್ಲಿ ಶೌಚಾಲಯ ಅಪರೂಪ, ನಿಲ್ದಾಣದಲ್ಲೇ ಮುಗಿಸಿಕೊಳ್ಳಿ. ದಂಡೆಗೆ ಕಟ್ಟಿರುವ ಉದ್ದನೆಯ ದೋಣಿಗಳಲ್ಲಿ ಎಷ್ಟೋ ಜನರ ಸಂಸಾರ ನಡೆಯುತ್ತಿದೆ. ಕಿಟಕಿಯೊಳಗೆ ಇಣುಕುವುದು, ಕೇಳದೆ ಹತ್ತಿ ಫೋಟೊ ತೆಗೆಯುವುದು ಬೇಡ.

ಊರಿನಿಂದ ತಂದೆ ತಾಯಿ ಬಂದಾಗ ಖಂಡಿತ ಕರೆದುಕೊಂಡು ಹೋಗಿ. ನಾವು ಕಚೇರಿಗೆ ಹೋದ ಮೇಲೆ ನಾಲ್ಕು ಗೋಡೆಯ ಮಧ್ಯೆ ದಿನ ಕಳೆಯುವ ಹಿರಿಯರಿಗೆ ಈ ಸಮತಟ್ಟು ಹಾದಿ ಮಂಡಿನೋವಿನಲ್ಲೂ ನಡೆಯುವಂಥದ್ದು. ಹೊಲ, ನಾಲೆ, ಎತ್ತಿನಗಾಡಿ ಕಂಡವರಿಗೆ ಗೇಟು ಎತ್ತಿ ನೀರು ಬಿಡುವ ಲೆಕ್ಕ ನಮಗಿಂತ ಬೇಗ ಅರ್ಥವಾಗುತ್ತದೆ. ಮಾರ್ಗದರ್ಶಕರಿಗೆ ಮೊದಲೇ ಹೇಳಿಟ್ಟರೆ ನೀವು ಅನುವಾದಿಸಿ ಹೇಳಲು ಸಮಯ ಕೊಡುತ್ತಾರೆ. ಬುತ್ತಿ ಕಟ್ಟಿಕೊಳ್ಳಿ, ಕ್ಯಾಮ್ಡೆನ್ ಮಾರುಕಟ್ಟೆಯಲ್ಲಿ ಕೂರಲು ಜಾಗ ಸಿಗುವುದು ಕಷ್ಟ. ಅದಕ್ಕೆ ಮುಂಚೆ ರೀಜೆಂಟ್ಸ್ ಪಾರ್ಕಿನ ಹುಲ್ಲಿನ ಮೇಲೆ ಕೂತು ಊಟ ಮುಗಿಸುವುದು ಒಳ್ಳೆಯದು.