ಸಂಜೆಗೂ ಸ್ವಲ್ಪ ಗಂಟಲು ಉಳಿಸಿಕೊಂಡದ್ದು

ನಾನು ಬೆಂಗಳೂರಿನ ಪೀಣ್ಯ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಮನೆ ಮಹಾಲಕ್ಷ್ಮಿ ಲೇಔಟ್‌ನಲ್ಲಿ. ಮಗಳು ನಾಲ್ಕನೇ ಕ್ಲಾಸು. ಟೀಚರೂ ಆಗಿ ತಾಯಿಯೂ ಆಗಿರುವವರಿಗೆ ಇಷ್ಟು ಹೇಳಿದರೆ ಸಾಕು, ನನ್ನ ದಿನ ಹೇಗಿರುತ್ತದೆ ಅಂತ ಗೊತ್ತಾಗಿಬಿಡುತ್ತದೆ. ಬೆಳಿಗ್ಗೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ವಿಶೇಷ ತರಗತಿ. ಆಮೇಲೆ ಪ್ರಾರ್ಥನೆ, ಹಾಲು, ಪೀರಿಯಡ್ಡಿನ ಮೇಲೆ ಪೀರಿಯಡ್ಡು. ಯಾರಾದರೂ ರಜೆ ಹಾಕಿದ್ದರೆ ಅವರ ಕ್ಲಾಸಿಗೂ ಹೋಗಬೇಕು. ಮಧ್ಯೆ ಸ್ಯಾಟ್ಸ್‌ಗೆ, ಅಂದರೆ ಮಕ್ಕಳ ವಿವರ ಇಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಗೆ, ಅಂಕ ತುಂಬಬೇಕು. ಮನೆಗೆ ಬಂದರೆ ಅಡುಗೆ, ಮಗಳ ಹೋಂವರ್ಕು, ನಾಳೆಯ ಡಬ್ಬಿಯ ಯೋಚನೆ.

ಸುಸ್ತು ಅಂದರೆ ಸಾಕು, ಬೇಗ ಮಲಗಿ, ಯೋಗ ಮಾಡಿ, ನಾಲ್ಕು ದಿನ ಊರಿಗೆ ಹೋಗಿ ಬನ್ನಿ ಅನ್ನುತ್ತಾರೆ. ತಪ್ಪೇನಿಲ್ಲ. ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಗಂಟಲನ್ನು ನೋಡಿಕೊಂಡದ್ದು. ಮೈ ಎಷ್ಟೇ ದಣಿದಿದ್ದರೂ ಮಗಳ ಪಕ್ಕ ಕೂತು ನಾಲ್ಕು ಮಾತಾಡಬಹುದು. ಧ್ವನಿ ಹೋದರೆ ಅದೂ ಆಗುವುದಿಲ್ಲ. ಕಟ್ಟಿದ ಗಂಟಲಿನಲ್ಲಿ ಮೆತ್ತಗೆ ಮಾತಾಡಲು ಬರುವುದೇ ಇಲ್ಲ. ‘ಊಟಕ್ಕೆ ಬಾ ಪುಟ್ಟಿ’ ಅಂದದ್ದೂ ಗದರಿದ ಹಾಗೆ ಕೇಳಿಸುತ್ತದೆ. ಒಂದು ಸಂಜೆ ಮಗಳು, ‘ಅಮ್ಮಾ, ನಾನೇನು ಮಾಡಿದೆ? ಯಾಕೆ ಕೋಪ?’ ಎಂದು ಕೇಳಿದಳು. ನನಗೆ ಕೋಪ ಇರಲೇ ಇಲ್ಲ. ಆ ಪ್ರಶ್ನೆ ಎದೆಗೆ ನಾಟಿತು.

ಗಂಟಲು ವಾರಗಟ್ಟಲೆ ಬಿಡಲಿಲ್ಲ. ಇಎನ್‌ಟಿ ಡಾಕ್ಟರ ಹತ್ತಿರ ಹೋದೆ. ಮೂಗಿನೊಳಗಿಂದ ತೆಳ್ಳನೆಯ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ಧ್ವನಿತಂತುಗಳನ್ನು ತೋರಿಸಿದರು. ಬೆಳ್ಳಗಿರಬೇಕಾದ ಎರಡು ಅಂಚುಗಳು ಕೆಂಪಾಗಿ ಊದಿಕೊಂಡಿದ್ದವು. ಗಂಟು ಆಗಿರಲಿಲ್ಲ, ಅದೊಂದು ಸಮಾಧಾನ. ಹೆಂಗಸರು ಮಾತಾಡುವಾಗ ಈ ಅಂಚುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವೆ. 40 ನಿಮಿಷದ ಪೀರಿಯಡ್‌ನಲ್ಲಿ ಅರ್ಧ ಹೊತ್ತು ಮಾತಾಡಿದರೂ ಲೆಕ್ಕ ಲಕ್ಷ ದಾಟುತ್ತದೆ. ಕೂಗಿದರೆ ತಾಗುವ ರಭಸವೂ ಜಾಸ್ತಿ.

ಡಾಕ್ಟರು ಸ್ಪೀಚ್ ಥೆರಪಿಸ್ಟ್ ಹತ್ತಿರ ಕಳಿಸಿದರು. ಸ್ಪೀಚ್ ಥೆರಪಿ ಅಂದರೆ ತೊದಲುವ ಮಕ್ಕಳಿಗೆ ಅಂತ ನಮ್ಮಲ್ಲಿ ಎಷ್ಟೋ ಜನ ತಿಳಿದಿದ್ದಾರೆ. ಧ್ವನಿ ಕೆಟ್ಟವರಿಗೂ ಅವರೇ ಚಿಕಿತ್ಸೆ ಕೊಡುವುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆಯಲ್ಲ, ಅಲ್ಲಿ ಕಲಿತವರು ಬೆಂಗಳೂರಿನಲ್ಲೂ ಸಿಗುತ್ತಾರೆ. ನನಗೆ ಸಿಕ್ಕವರು ಮೊದಲು ಕೇಳಿದ್ದು ಗಂಟಲಿನ ಬಗ್ಗೆ ಅಲ್ಲ. ‘ನಿಮ್ಮ ಕ್ಲಾಸಿನ ಕಿಟಕಿ ಯಾವ ಕಡೆಗಿದೆ?’

ತುಮಕೂರು ರಸ್ತೆಯ ಕಡೆಗೆ. ಪೀಣ್ಯದಲ್ಲಿ ಓಡಾಡುವವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. 2021ರ ಡಿಸೆಂಬರ್‌ನಲ್ಲಿ ಕಂಬಗಳ ಮಧ್ಯದ ಕೇಬಲ್ ಕೆಟ್ಟು ಪೀಣ್ಯ ಫ್ಲೈಓವರ್ ಮುಚ್ಚಿದರು. ಮುಂದೆ ಕಾರು ಬೈಕುಗಳಿಗೆ ತೆರೆದರೂ ಭಾರಿ ವಾಹನಗಳನ್ನು 2024ರವರೆಗೆ ಮೇಲೆ ಬಿಡಲಿಲ್ಲ. ಅಷ್ಟೂ ಕಾಲ ಲಾರಿಗಳೆಲ್ಲ ಕೆಳಗಿನ ರಸ್ತೆಯಲ್ಲೇ. ಏರ್ ಹಾರ್ನ್ ಹೊಡೆದಾಗ ನಾನು ಪದ್ಯದ ಮಧ್ಯೆ ನಿಲ್ಲಬೇಕು, ಇಲ್ಲವೇ ಅದರ ಮೇಲೆ ಕೂಗಬೇಕು. ಸುತ್ತ ಸದ್ದು ಏರಿದರೆ ನಮ್ಮ ಧ್ವನಿಯೂ ತಾನಾಗಿ ಏರುತ್ತದೆ. ನಾವು ಬೇಕೆಂದು ಏರಿಸುವುದಲ್ಲ. ಇದಕ್ಕೆ ಲೊಂಬಾರ್ಡ್ ಪರಿಣಾಮ ಎನ್ನುತ್ತಾರೆ, ಫ್ರಾನ್ಸಿನ ಒಬ್ಬ ಡಾಕ್ಟರು 1911ರಲ್ಲೇ ಬರೆದು ಪ್ರಕಟಿಸಿದ್ದು. ಗಲಾಟೆ ಮಾಡುವ ಮಕ್ಕಳಿಗೆ ‘ಸುಮ್ನಿರಿ!’ ಎಂದು ಕೂಗಿದರೆ ಅವರ ಧ್ವನಿಯೂ ಏರುವುದು ಇದೇ ಕಾರಣಕ್ಕೆ. ಇದು ತಿಳಿದ ಮೇಲೆ ಮಕ್ಕಳ ಮೇಲೆ ಸಿಟ್ಟು ಎಷ್ಟೋ ಕಡಿಮೆಯಾಯಿತು.

ಮೊದಲು ಹೆಡ್‌ಮಾಸ್ಟರ್ ಹತ್ತಿರ ಮಾತಾಡಿದೆ. ಹತ್ತನೇ ತರಗತಿಯನ್ನು ಹಿಂದಿನ ಕಟ್ಟಡಕ್ಕೆ ಹಾಕಿ, ಕಂಪ್ಯೂಟರ್ ಕೋಣೆಯನ್ನು ರಸ್ತೆ ಕಡೆಗೆ ತಂದರು. ಬೆಂಚು ಎಳೆದಾಡುವ ಒಂದು ಶನಿವಾರದ ಕೆಲಸ. ಕೇಳಿದರೆ ಆಗುವಂಥ ಕೆಲಸಗಳು ಶಾಲೆಯಲ್ಲಿ ಇರುತ್ತವೆ, ಕೇಳಬೇಕು ಅಷ್ಟೆ.

ಆಮೇಲೆ ನಾನು ಯಾವುದಕ್ಕೆಲ್ಲ ಧ್ವನಿ ಖರ್ಚು ಮಾಡುತ್ತೇನೆ ಅಂತ, ಸಂಬಳ ಬಂದ ದಿನ ಮನೆಯ ಲೆಕ್ಕ ಬರೆಯುವ ಹಾಗೆ ಬರೆದೆ. ಪಾಠಕ್ಕೆ ಹೋಗುತ್ತಿದ್ದದ್ದು ಅಂದುಕೊಂಡಷ್ಟು ಇರಲಿಲ್ಲ. ‘ಪುಸ್ತಕ ತೆಗೀರಿ’, ‘ಇಪ್ಪತ್ತೆಂಟನೇ ಪುಟ’, ‘ಲೈನಲ್ಲಿ ನಿಲ್ಲಿ’, ‘ಮೊಟ್ಟೆ ಯಾರಿಗೆ, ಬಾಳೆಹಣ್ಣು ಯಾರಿಗೆ’ ಇಂಥವಕ್ಕೇ ಬಹುಪಾಲು. ಇವೆಲ್ಲ ಬರೆದು ಹೇಳಬಹುದಾದ ವಿಷಯ. ಈಗ ಕ್ಲಾಸಿಗೆ ಹೋದ ತಕ್ಷಣ ಪುಟದ ಸಂಖ್ಯೆ, ಮಾಡಬೇಕಾದ ಕೆಲಸ ಬೋರ್ಡಿನ ಎಡ ಮೂಲೆಗೆ ಬರೆಯುತ್ತೇನೆ. ಮೊಟ್ಟೆ, ಬಾಳೆಹಣ್ಣಿನ ಪಟ್ಟಿ ಬಾಗಿಲಿಗೆ ಅಂಟಿಸಿದೆ, ಲೀಡರ್ ನೋಡಿಕೊಳ್ಳುತ್ತಾನೆ. ಮಕ್ಕಳನ್ನು ಸುಮ್ಮನಾಗಿಸಲು ಚಪ್ಪಾಳೆ. ನಾನು ಆದಿತಾಳದಲ್ಲಿ ಅರ್ಧ ಆವರ್ತ ಹಾಕುತ್ತೇನೆ, ಉಳಿದರ್ಧ ಮಕ್ಕಳು ಹಾಕಿ ಮುಗಿಸುತ್ತಾರೆ. ಎಂಟನೇ ತರಗತಿಯವರಿಗೆ ಇದು ಎಷ್ಟು ಇಷ್ಟ ಅಂದರೆ ನಾನು ಬಾಗಿಲಿಗೆ ಬಂದರೆ ಅವರೇ ಶುರು ಮಾಡುತ್ತಾರೆ.

ಪದ್ಯದ ಓದಿನಲ್ಲಿ ಮಾತ್ರ ಕಂಜೂಸ್ ಮಾಡುವುದಿಲ್ಲ. ಹಳೆಗನ್ನಡ ಪದ್ಯವನ್ನು ಮೇಷ್ಟರೋ ಮೇಡಮ್ಮೋ ಗಟ್ಟಿಯಾಗಿ, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ ಓದದಿದ್ದರೆ ಮಕ್ಕಳಿಗೆ ಅದು ಬರೀ ಒಗಟು. ಬೇರೆಲ್ಲ ಉಳಿಸಿದ್ದೇ ಇದಕ್ಕೆ, ಮತ್ತು ಸಂಜೆಗೆ.

ಥೆರಪಿಸ್ಟ್ ಹೇಳಿದ ಎರಡು ಮಾತು ನಮ್ಮ ಸ್ಟಾಫ್ ರೂಮಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು, ಗಂಟಲು ಕೆಟ್ಟಾಗ ಪಿಸುಮಾತಿನಲ್ಲಿ ಮಾತಾಡಿದರೆ ವಿಶ್ರಾಂತಿ ಸಿಗುವುದಿಲ್ಲ. ಎಷ್ಟೋ ಜನರಿಗೆ ಅದರಿಂದ ಇನ್ನೂ ಬಿಗಿತ ಬರುತ್ತದೆ. ಸುಮ್ಮನಿರಬೇಕು, ಇಲ್ಲವೇ ಸಹಜವಾಗಿ ಮೆಲ್ಲಗೆ ಮಾತಾಡಬೇಕು. ಇನ್ನೊಂದು, ಪದೇ ಪದೇ ಖೆಖ್ ಎಂದು ಗಂಟಲು ಸರಿಮಾಡಿಕೊಳ್ಳಬಾರದು. ಆ ಬದಲು ಒಂದು ಗುಟುಕು ನೀರು ನುಂಗಬೇಕು. ಹಾಗಾಗಿ ಮೇಜಿನ ಮೇಲೆ ಸದಾ ನೀರಿನ ಬಾಟಲಿ. ಶಾಲೆಯ ಟಾಯ್ಲೆಟ್ ನೆನೆದು ನೀರು ಕುಡಿಯದೆ ಇರುವ ಟೀಚರ್‌ಗಳು ಎಷ್ಟು ಜನ ಅಂತ ನಮಗೆಲ್ಲ ಗೊತ್ತಲ್ವಾ? ಅದು ಬೇರೆಯೇ ಜಗಳ, ಆದರೆ ಮಾಡಲೇಬೇಕಾದ ಜಗಳ.

ಶಾಲೆ ಬಿಟ್ಟ ಮೇಲೆ ಪೀಣ್ಯದಲ್ಲಿ ಮೆಟ್ರೋ ಹತ್ತುತ್ತೇನೆ. ಗೊರಗುಂಟೆಪಾಳ್ಯ, ಯಶವಂತಪುರ, ಸ್ಯಾಂಡಲ್ ಸೋಪ್ ಫ್ಯಾಕ್ಟರಿ, ಆಮೇಲೆ ಮಹಾಲಕ್ಷ್ಮಿ. ಪೋಷಕರು ಫೋನ್ ಮಾಡುವುದು ಸರಿಯಾಗಿ ಅದೇ ಹೊತ್ತಿಗೆ. ರೈಲಿನ ಸದ್ದಿನಲ್ಲಿ ಫೋನಿನಲ್ಲಿ ಮಾತಾಡುವುದು ಅಂದರೆ ಮತ್ತೆ ಕೂಗುವುದೇ. ಹಾಗಾಗಿ ಎತ್ತುವುದಿಲ್ಲ. ‘ನಾಳೆ ಬೆಳಿಗ್ಗೆ ನಾನೇ ಮಾಡುತ್ತೇನೆ’ ಎಂದು ಮೆಸೇಜ್ ಹಾಕುತ್ತೇನೆ, ಮಾಡುತ್ತೇನೆ ಕೂಡ. ತುರ್ತು ಇದ್ದರೆ ಅವರೂ ಮೆಸೇಜಿನಲ್ಲೇ ಬರೆಯುತ್ತಾರೆ.

ಮನೆಯಲ್ಲಿ ಬದಲಾದದ್ದು ಹೋಂವರ್ಕಿನ ರೀತಿ. ಮಗಳಿಗೆ ನಾನು ಪಾಠ ಹೇಳುವುದಿಲ್ಲ, ಅವಳು ನನಗೆ ಹೇಳುತ್ತಾಳೆ. ನಾನು ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತು ತರಕಾರಿ ಹೆಚ್ಚುತ್ತೇನೆ. ಚಳಿಗಾಲ ಬಂದರೆ ಹಿತಕಿದ ಬೇಳೆಗೆ ಅವರೆಕಾಳು ಹಿತಕುತ್ತೇನೆ. ಅವಳು ಎದುರಿಗೆ ಕೂತು ಪರಿಸರ ಅಧ್ಯಯನದ ಪಾಠ ಗಟ್ಟಿಯಾಗಿ ಓದುತ್ತಾಳೆ, ಓದಿದ್ದನ್ನು ತನ್ನ ಮಾತಿನಲ್ಲಿ ವಿವರಿಸುತ್ತಾಳೆ. ತಪ್ಪಿದ ಕಡೆ ನಾನು ಕೈ ಎತ್ತಬೇಕು, ಅದು ಅವಳದೇ ನಿಯಮ. ಹೀಗೆ ಇನ್ನೊಬ್ಬರಿಗೆ ಹೇಳಿಕೊಟ್ಟಾಗ ಚೆನ್ನಾಗಿ ನೆನಪಿರುತ್ತದೆ ಅನ್ನುವುದು ಶಾಲೆಯಲ್ಲಿ ನಾನು ದಿನಾ ನೋಡುವ ವಿಷಯ. ಮನೆಯಲ್ಲಿ ಅದು ನನ್ನ ಗಂಟಲಿಗೂ ಒಳ್ಳೆಯದಾಯಿತು.

ಊಟಕ್ಕೆ ಮುಂಚೆ ಸ್ಟ್ರಾ ಅಭ್ಯಾಸ. ಲೋಟಕ್ಕೆ ಅರ್ಧ ನೀರು ಹಾಕಿ, ಸ್ಟ್ರಾ ತುದಿಯನ್ನು ಎರಡು ಬೆರಳಗಲ ಮುಳುಗಿಸಿ, ಸ್ಟ್ರಾ ಮೂಲಕ ‘ಊ’ ಎಂದು ರಾಗ ಎಳೆಯಬೇಕು. ಬರೀ ಉಸಿರು ಬಿಟ್ಟರೆ ಆಗದು, ಸ್ವರ ಬರಬೇಕು. ನೀರಿನಲ್ಲಿ ಗುಳ್ಳೆ ಒಂದೇ ಸಮ ಏಳಬೇಕು. ಬಾಯಿಯ ಕಡೆಯಿಂದ ಸ್ವಲ್ಪ ಒತ್ತಡ ಹಿಂದಕ್ಕೆ ಬರುವುದರಿಂದ ಧ್ವನಿತಂತುಗಳು ಜೋರಾಗಿ ಬಡಿದುಕೊಳ್ಳದೆ ಹಗುರವಾಗಿ ಕಂಪಿಸುತ್ತವೆ. ಕೆಳಗಿನ ಸ್ವರದಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ ಜಾರಿಸಬೇಕು. ಮಗಳು ಸಂಗೀತ ಕ್ಲಾಸಿಗೆ ಹೋಗುತ್ತಾಳೆ, ಅವಳೂ ಒಂದು ಲೋಟ ಹಿಡಿದು ಕೂತು ಸರಳೆ ವರಸೆಯನ್ನು ಗುಳ್ಳೆಯಲ್ಲೇ ಹಾಡುತ್ತಾಳೆ. ಮೇಲಿನ ಷಡ್ಜಕ್ಕೆ ಬಂದಾಗ ನೀರು ಅವಳ ಮೂಗಿಗೆ ಹಾರುತ್ತದೆ, ಇಬ್ಬರಿಗೂ ನಗು. ಊಟವನ್ನೂ ಎಂಟರೊಳಗೆ ಮುಗಿಸುತ್ತೇವೆ. ಉಂಡ ಕೂಡಲೇ ಮಲಗಿದರೆ ಹೊಟ್ಟೆಯ ಆಮ್ಲ ಮೇಲೆ ಬಂದು ಗಂಟಲು ಕೆಡಿಸುತ್ತದೆ. ಬೇಗ ಉಂಡರೆ ಮಗಳೂ ಬೇಗ ಮಲಗುತ್ತಾಳೆ. ಅವಳ ವಯಸ್ಸಿನವರಿಗೆ 9ರಿಂದ 12 ಗಂಟೆ ನಿದ್ದೆ ಬೇಕು.

ಇದರಿಂದ ಕೆಲಸವೇನೂ ಕಡಿಮೆಯಾಗಿಲ್ಲ. ಸಮೀಕ್ಷೆ, ಚುನಾವಣೆ ಡ್ಯೂಟಿ, ಆನ್‌ಲೈನ್ ಎಂಟ್ರಿ ಎಲ್ಲ ಇದ್ದೇ ಇವೆ. ಅವುಗಳ ಬಗ್ಗೆ ಸಂಘದಲ್ಲಿ ಮಾತಾಡಬೇಕು, ಗುಳ್ಳೆ ಊದಿದರೆ ಅವು ಹೋಗುವುದಿಲ್ಲ. ಗಂಟಲು ಸರಿ ಇದ್ದೂ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಬರುತ್ತಿಲ್ಲ, ಸುಮ್ನೆ ಅಳು ಬರುತ್ತದೆ ಅನ್ನುವವರು ದಯವಿಟ್ಟು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಧ್ವನಿ ಮೂರು ವಾರಕ್ಕಿಂತ ಜಾಸ್ತಿ ಒಡೆದೇ ಇದ್ದರೆ ಕಷಾಯದ ಮೇಲೆ ಬಿಟ್ಟು ಕೂರದೆ ಇಎನ್‌ಟಿಗೆ ತೋರಿಸಿ.

ಎಸ್.ಪಿ. ರಸ್ತೆಯಿಂದ ಸೊಂಟಕ್ಕೆ ಕಟ್ಟುವ ಸಣ್ಣ ಮೈಕ್ ತಂದು ಇನ್ನೂ ರಸ್ತೆ ಕಡೆಗೇ ಇರುವ ಒಂಬತ್ತನೇ ತರಗತಿಯಲ್ಲಿ ಬಳಸುತ್ತಿದ್ದೇನೆ. ಹಿಂದಿನ ಬೆಂಚಿನವರಿಗೂ ಮಾತು ಸರಿಯಾಗಿ ಕೇಳಿಸುತ್ತಿದೆ, ಅವರೇ ಹೇಳಿದರು. ಈಗ ಅದನ್ನು ಗಣಿತದ ಮೇಡಂ, ವಿಜ್ಞಾನದ ಸರ್ ಕೂಡ ಕೇಳಿ ಒಯ್ಯುತ್ತಾರೆ. ಪ್ರತಿ ಮಹಡಿಗೂ ಒಂದೊಂದು ಕೊಡಿಸಿ ಎಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ನಾವೆಲ್ಲ ಸೇರಿ ಅರ್ಜಿ ಕೊಟ್ಟಿದ್ದೇವೆ.