ವರ್ಣಭೇದದ ಪಾಠವನ್ನು ನಾನು 1948ರಿಂದ ಶುರು ಮಾಡುವುದಿಲ್ಲ

ದಕ್ಷಿಣ ಆಫ್ರಿಕಾದ ವರ್ಣಭೇದ ಅಂದ ಕೂಡಲೇ ಎಲ್ಲರೂ ಹೇಳುವುದು 1948. ವರ್ಣಭೇದವನ್ನು ಸರ್ಕಾರದ ನೀತಿ ಮಾಡಿದ ಬಿಳಿಯರ ಪಕ್ಷ, ನ್ಯಾಷನಲ್ ಪಾರ್ಟಿ, ಗೆದ್ದ ವರ್ಷ. ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವ ನಾನು ಅಲ್ಲಿಂದ ಶುರು ಮಾಡುವುದಿಲ್ಲ, ಯಾಕಂದ್ರೆ ಹಾಗೆ ಮಾಡಿದರೆ ಯಾವುದೋ ಒಂದು ಪಕ್ಷದವರು ಕೆಟ್ಟವರಾಗಿದ್ದರು ಅನ್ನುವಲ್ಲಿಗೆ ಮಕ್ಕಳಿಗೆ ಕಥೆ ಮುಗಿದುಹೋಗುತ್ತದೆ. ನಾನು ಜಮೀನಿನಿಂದ ಶುರು ಮಾಡುತ್ತೇನೆ.

ಬೋರ್ಡಿನ ಮೇಲೆ ನೂರು ಚೌಕ ಎಳೆದು ಏಳಕ್ಕೆ ಮಾತ್ರ ಬಣ್ಣ ಹಚ್ಚುತ್ತೇನೆ. 1913ರ ನೇಟಿವ್ಸ್ ಲ್ಯಾಂಡ್ ಆಕ್ಟ್ ಕಪ್ಪು ಜನರಿಗೆ ಬಿಟ್ಟದ್ದು ದೇಶದ ನೆಲದಲ್ಲಿ ಸುಮಾರು ಶೇ. 7. ಜನಸಂಖ್ಯೆಯಲ್ಲಿ ಅವರು ಮೂರರಲ್ಲಿ ಎರಡು ಪಾಲು ಇದ್ದರು. ಆಮೇಲೆ ಕೇಳುತ್ತೇನೆ, ಈ ಏಳು ಚೌಕ ಎಲ್ಲಿಂದ ಬಂತು? ಅವು ಬಹುಪಾಲು ಸೋತವರ ಕೈಯಲ್ಲಿ ಉಳಿದ ತುಂಡುಗಳು. ದೇಶದ ದಕ್ಷಿಣ ತುದಿಯಲ್ಲಿದ್ದ ಬಿಳಿಯರ ವಸಾಹತು ಕೇಪ್. ಅದರ ಪೂರ್ವ ಗಡಿಯಲ್ಲಿ 1779ರಿಂದ 1879ರವರೆಗೆ ಅಲ್ಲಿನ ಕಪ್ಪು ಜನರಾದ ಖೋಸಾಗಳ ಜೊತೆ ಒಂಬತ್ತು ಯುದ್ಧ ನಡೆದವು. ಪ್ರತಿ ಸಲವೂ ನೆಲ ಹೋಯಿತು ಅಂತಲೇ ಹೇಳಬಹುದು. ಪೂರ್ವ ಕರಾವಳಿಯ ಬ್ರಿಟಿಷ್ ವಸಾಹತು ನಟಾಲ್‌ನಲ್ಲಿ ಶೆಪ್‌ಸ್ಟೋನ್ ಅನ್ನುವ ಬ್ರಿಟಿಷ್ ಅಧಿಕಾರಿ 1840ರ ದಶಕದಲ್ಲೇ ಕಪ್ಪು ಜನರಿಗೆ ಬೇರೆ ಜಾಗ, ಬೇರೆ ಕಾನೂನು ಅಂತ ಮಾಡಿಟ್ಟ. 1849ರಲ್ಲಿ ಗುಡಿಸಲಿಗೆ ಏಳು ಶಿಲ್ಲಿಂಗ್ ತೆರಿಗೆ ಬಂತು.

ನಾನು ಜಾಸ್ತಿ ಹೊತ್ತು ನಿಲ್ಲುವುದು ಕೇಪಿನ ಕಪ್ಪು ಜನರ ಜಮೀನಿಗೆ ಬಂದ 1894ರ ಗ್ಲೆನ್ ಗ್ರೇ ಕಾಯ್ದೆಯಲ್ಲಿ. ಲೆಕ್ಕ ಹಾಕಿ ಅನ್ನುತ್ತೇನೆ. ಅಪ್ಪ, ಮೂವರು ಗಂಡುಮಕ್ಕಳು. ಮನೆಗೆ ಒಂದೇ ತುಂಡು, ಹೆಚ್ಚುಕಡಿಮೆ ಎಂಟೂವರೆ ಎಕರೆ. ಪಾಲು ಮಾಡುವಂತಿಲ್ಲ, ಅದು ಹಿರಿಮಗನಿಗೆ. ಹೊರಗೆ ಹೋಗಿ ಮೂರು ತಿಂಗಳಾದರೂ ಕೂಲಿ ಮಾಡದ ಗಂಡಸಿಗೆ ಹತ್ತು ಶಿಲ್ಲಿಂಗ್ ತೆರಿಗೆ. ಉಳಿದಿಬ್ಬರ ಗತಿ ಏನು? ಮನೆಯಲ್ಲಿ ಜಮೀನು ಪಾಲಾದದ್ದನ್ನು ನೋಡಿರುವ ಹಳ್ಳಿ ಮಕ್ಕಳು ತಕ್ಷಣ ಹೇಳುತ್ತಾರೆ, 'ಊರು ಬಿಟ್ಟು ಕೆಲಸಕ್ಕೆ ಹೋಗಬೇಕು ಅಲ್ವಾ ಸರ್?' ಹೌದು, ಗಣಿಗೆ. ಈಗಿನ ಜೋಹಾನ್ಸ್‌ಬರ್ಗ್ ಇರುವ ವಿಟ್ವಾಟರ್ಸ್‌ರ್ಯಾಂಡಿನಲ್ಲಿ ಚಿನ್ನ ಸಿಕ್ಕಿ ಆಗಿನ್ನೂ ಎಂಟು ವರ್ಷ. ಕಾಯ್ದೆ ತಂದ ಸೆಸಿಲ್ ರೋಡ್ಸ್ ಕೇಪಿನ ಪ್ರಧಾನಿ, ಕಿಂಬರ್ಲಿಯ ವಜ್ರದ ಗಣಿಗಳ ದೊಡ್ಡ ಒಡೆಯನೂ ಅವನೇ. ಇದನ್ನು ನಾನು ಎರಡು ಸಲ ಹೇಳುತ್ತೇನೆ. ಆ ತೆರಿಗೆಯನ್ನು ಮುಂದೆ ಕೈಬಿಟ್ಟರು, ಆದರೆ ನೆಲ ಕಿರಿದಾದಷ್ಟೂ ಕೂಲಿಯಾಳು ಸಿಗುತ್ತಾರೆ ಅನ್ನುವ ಲೆಕ್ಕಾಚಾರವನ್ನು ಯಾರೂ ಬಿಡಲಿಲ್ಲ.

ಇಷ್ಟಾದ ಮೇಲೆ ಪಕ್ಕದಲ್ಲಿ 1948ರ ನಂತರದ ಕಾಯ್ದೆಗಳನ್ನು ಬರೆಯಿಸುತ್ತೇನೆ. ಜೋಡಿ ಹುಡುಕುವುದು ಮಕ್ಕಳ ಕೆಲಸ. 1809ರಲ್ಲೇ ಕೇಪಿನ ಮೂಲನಿವಾಸಿಗಳಾದ ಖೋಯ್ ಜನ ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಹೋಗಲು ಪಾಸ್ ಇಟ್ಟುಕೊಳ್ಳಬೇಕಿತ್ತು, 1952ರಲ್ಲಿ ಕಪ್ಪು ಜನರಿಗೆ ಪಾಸ್ ಪುಸ್ತಕ ದೇಶಕ್ಕೆಲ್ಲ ಬಂತು. ಶೆಪ್‌ಸ್ಟೋನ್ ಗುರುತಿಸಿದ ಜಾಗಗಳ ಎದುರಿಗೆ 1959ರ ಬಂಟುಸ್ತಾನ್ ಕಾಯ್ದೆ, ಅಂದರೆ ಕಪ್ಪು ಜನರಿಗೆ ಬುಡಕಟ್ಟುವಾರು ಬೇರೆ ಪ್ರದೇಶ. ಯಾರೂ ಹೇಳಿಕೊಡದೆ ಗೆರೆ ಎಳೆದುಬಿಡುತ್ತಾರೆ.

ಮತ್ತೆ ಮತ್ತೆ ಬರುವ ಪ್ರಶ್ನೆ, ಜಮೀನು ವಾಪಸ್ ಸಿಕ್ಕಿತಾ? 1994ರಲ್ಲಿ ಅದಕ್ಕೆಂದೇ ಕಾನೂನು ಬಂತು. ಆದರೆ 19 ಜೂನ್ 1913ರ ನಂತರ ಕಳೆದುಕೊಂಡ ನೆಲಕ್ಕೆ ಮಾತ್ರ ಅರ್ಜಿ ಹಾಕಬಹುದಿತ್ತು. ಒಂಬತ್ತು ಯುದ್ಧಗಳಲ್ಲಿ ಹೋದದ್ದಕ್ಕೆ ಅದರಲ್ಲಿ ಜಾಗವಿಲ್ಲ.