ಬೇಸಿಗೆ ಫೆಲೋಶಿಪ್‌ಗೆ ಮೇಷ್ಟ್ರು ಅರ್ಜಿ ಹಾಕುವುದು ಹೇಗೆ?

ಏಪ್ರಿಲ್ ಬಂದರೆ ಮೂಡಿಗೆರೆ ಕಡೆಯ ಸ್ಟಾಫ್ ರೂಮುಗಳಲ್ಲಿ ಎರಡೇ ಮಾತು. ಕಾಫಿ ಹೂ ಬಿಡಿಸುವ ಹೂಮಳೆ ಆಯ್ತಾ? ವ್ಯಾಲ್ಯುಯೇಶನ್ ಡ್ಯೂಟಿ ಬಂತಾ? ಅಷ್ಟರಲ್ಲಿ ಯಾರೋ ವಾಟ್ಸಾಪ್‌ನಲ್ಲಿ ಬೇಸಿಗೆ ಫೆಲೋಶಿಪ್ ಸುದ್ದಿ ಕಳಿಸುತ್ತಾರೆ. ತೆಗೆದು ನೋಡಿದರೆ ಅರ್ಜಿಯ ಕೊನೇ ದಿನ ಕಳೆದು ಎಷ್ಟೋ ತಿಂಗಳಾಗಿರುತ್ತದೆ. ಹಾಗಾಗಿ ದಸರಾ ರಜೆ ಮುಗಿದ ಕೂಡಲೇ ಹುಡುಕಾಟ ಶುರು ಮಾಡಿ.

ಫೆಲೋಶಿಪ್ಪೇ ಬೇರೆ, ತರಬೇತಿಯೇ ಬೇರೆ. ತರಬೇತಿಯಲ್ಲಿ ಕಲಿಯುತ್ತೀರಿ, ಫೆಲೋಶಿಪ್ಪಿನಲ್ಲಿ ಸಂಶೋಧನೆಯನ್ನೇ ಮಾಡುತ್ತೀರಿ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ 1990ರಲ್ಲಿ ಅಲ್ಲಿನ ವಿಜ್ಞಾನ ಶಿಕ್ಷಕರನ್ನು ಸತತ ಎರಡು ಬೇಸಿಗೆ ಲ್ಯಾಬಿಗೆ ಕರೆದು ಸಂಶೋಧನೆಗೆ ಹಚ್ಚುವ ಯೋಜನೆ ಶುರು ಮಾಡಿತು. ಹೋಗಿಬಂದವರ ಕ್ಲಾಸಿನ ಮಕ್ಕಳು ರಾಜ್ಯದ ವಿಜ್ಞಾನ ಪರೀಕ್ಷೆಯಲ್ಲಿ ಪಾಸಾಗುವ ಪ್ರಮಾಣ, ಅದೇ ಶಾಲೆಯ ಬೇರೆ ಶಿಕ್ಷಕರ ಕ್ಲಾಸಿನ ಮಕ್ಕಳಿಗಿಂತ ಶೇ 10ರಷ್ಟು ಜಾಸ್ತಿ ಇತ್ತು ಎಂದು 2009ರಲ್ಲಿ ಪ್ರಕಟವಾಯಿತು. ಅದೂ ಮರುವರ್ಷವೇ ಅಲ್ಲ, ಮೂರು-ನಾಲ್ಕನೇ ವರ್ಷಕ್ಕೆ.

ನಮಗೆ ಹತ್ತಿರದ್ದು ಚಳ್ಳಕೆರೆ ಬಳಿಯ ಕುದಾಪುರ. ಅಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರತಿಭಾ ವಿಕಾಸ ಕೇಂದ್ರವಿದೆ. ಅಲ್ಲೇ ಉಳಿದುಕೊಂಡು, ಕೈಯಾರೆ ಪ್ರಯೋಗ ಮಾಡಿ ಕಲಿಯುವ ತರಬೇತಿ. ಫೆಲೋಶಿಪ್ ಅಲ್ಲದಿದ್ದರೂ ಮೊದಲ ಹೆಜ್ಜೆಗೆ ನಾನು ಇದನ್ನೇ ಹೇಳುತ್ತೇನೆ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್ಪಿನಲ್ಲಿ ‘ಶಿಕ್ಷಕರು’ ಎಂಬ ಪದ ಇದೆ ನಿಜ, ಆದರೆ ಅದು ಮುಖ್ಯವಾಗಿ ಕಾಲೇಜಿನವರಿಗೆ. ಅರ್ಹತೆಯ ಸಾಲನ್ನು ಎರಡು ಸಲ ಓದಿ. ಜಿನೀವಾದ ಸರ್ನ್ ಎಂಬ ಕಣ ಭೌತಶಾಸ್ತ್ರ ಪ್ರಯೋಗಾಲಯ 1998ರಿಂದ ಹೈಸ್ಕೂಲ್ ಶಿಕ್ಷಕರನ್ನು ಕರೆಸಿಕೊಳ್ಳುತ್ತಿದೆ. ಅದು ನಡೆಯುವುದು ಜುಲೈನಲ್ಲಿ. ಅವರಿಗೆ ಬೇಸಿಗೆ, ನಮಗೆ ಜಡಿಮಳೆ, ಶಾಲೆಯೂ ಶುರುವಾಗಿರುತ್ತದೆ!

ಇನ್ನು ಅರ್ಜಿಯ ಜೀವ ಇರುವುದು ‘ಯಾಕೆ ಬರಬೇಕೆಂದಿದ್ದೀರಿ’ ಎಂಬ ಒಂದು ಪುಟದಲ್ಲಿ. ಮೊದಲ ಸಲ ನಾನು ‘ವಿಜ್ಞಾನ ದೇಶದ ಪ್ರಗತಿಗೆ ಅಗತ್ಯ’ ಎಂದು ಬರೆದಿದ್ದೆ. ಭಾಷಣ ಸ್ಪರ್ಧೆಗೆ ಆಗುತ್ತಿತ್ತೇನೋ. ಸೀಟು ಸಿಗಲಿಲ್ಲ. ಎರಡನೇ ಸಲ ನನ್ನ ಕ್ಲಾಸಿನದೇ ಒಂದು ಪೇಚು ಬರೆದೆ. ಮಣ್ಣಿನ ಆಮ್ಲೀಯತೆ ತಗ್ಗಿಸಲು ತೋಟಕ್ಕೆ ಸುಣ್ಣ ಹಾಕುವುದನ್ನು ನಮ್ಮ ಮಕ್ಕಳು ಹುಟ್ಟಿದಾಗಿನಿಂದ ನೋಡಿದ್ದಾರೆ. ಆದರೆ ಹತ್ತನೇ ಕ್ಲಾಸಿನ ಆಮ್ಲ-ಪ್ರತ್ಯಾಮ್ಲ ಪಾಠದಲ್ಲಿ ಅದು ನೆನಪಿಗೇ ಬರುವುದಿಲ್ಲ. ಯಾಕೆ? ಐದು ತೋಟದ ಮಣ್ಣು ತಂದು ಪಿಎಚ್ ಅಳೆಸಿದರೆ ಏನಾಗುತ್ತದೆ? ಆಯ್ಕೆ ಮಾಡುವವರಿಗೆ ಇಂಥ ಪ್ರಶ್ನೆ ಬೇಕು.

ಗಣಿತದವರಿಗೂ ಸರಕು ಇಲ್ಲೇ ಇದೆ. ನಮ್ಮಲ್ಲಿ ಮಳೆ ಲೆಕ್ಕ ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಅಲ್ವಾ? ಒಂದು ಎಕರೆಗೆ ಒಂದು ಇಂಚು ಮಳೆ ಬಿದ್ದರೆ ಎಷ್ಟು ಲೀಟರ್ ನೀರು ಎಂದು ಕೇಳಿ ನೋಡಿ. ಸುಮಾರು 1.03 ಲಕ್ಷ ಲೀಟರ್. ಉತ್ತರ ಕೇಳಿದ ಮೇಲೆ ಮಕ್ಕಳು ಲೆಕ್ಕ ತಪ್ಪಿರಬೇಕು ಎಂದು ಮತ್ತೊಮ್ಮೆ ಮಾಡುತ್ತಾರೆ. ಅವರು ಎಲ್ಲಿ ತಡವರಿಸಿದರು ಎಂದು ಬರೆದಿಟ್ಟುಕೊಳ್ಳಿ. ಅರ್ಜಿಗೆ ಅದೇ ಸಾಕು.

ಶಿಫಾರಸು ಪತ್ರಕ್ಕೆ ಹೆಡ್‌ಮಾಸ್ಟರನ್ನು ಕೊನೇ ದಿನ ಹಿಡಿಯಬೇಡಿ. ಸುಮ್ನೆ ಕೇಳಿದರೆ ‘ಶಿಸ್ತಿನ ಶಿಕ್ಷಕರು’ ಎಂದು ಎರಡು ಸಾಲು ಬರುತ್ತದೆ. ನೀವು ಮಾಡಿದ ಪ್ರಯೋಗಗಳನ್ನು ಅರ್ಧ ಪುಟ ಬರೆದು ಎರಡು ವಾರ ಮೊದಲೇ ಕೊಡಿ.

ಇಲಾಖೆಯ ಅನುಮತಿ ಪತ್ರವನ್ನೂ ಅರ್ಜಿಯ ಜೊತೆಯಲ್ಲೇ ಶುರು ಮಾಡಿ. ಹೆಡ್‌ಮಾಸ್ಟರ್ ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಓಓಡಿ, ಅಂದರೆ ಕರ್ತವ್ಯದ ಮೇಲೆ ಹೋದಂತೆ ಲೆಕ್ಕ, ಸಿಗುತ್ತದೋ, ನಿಮ್ಮ ರಜೆಯೇ ಹೋಗುತ್ತದೋ ಎಂಬುದನ್ನು ಬಾಯಿಮಾತಿನಲ್ಲಿ ಬಿಡಬೇಡಿ. ವಿದೇಶವಾದರೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಪಾಸ್‌ಪೋರ್ಟ್ ಬೇರೆ.

ಊಟ, ವಸತಿ, ಬಸ್ ಚಾರ್ಜ್ ಯಾರದು ಎಂದು ಇಮೇಲಿನಲ್ಲೇ ಕೇಳಿ. ಸಂಕೋಚ ಬೇಡ.

ಕಳಿಸಿದ ಅರ್ಜಿಯ ಒಂದು ಪ್ರತಿ ಎತ್ತಿಡಿ. ಈ ಸಲ ಆಗದಿದ್ದರೆ ಮುಂದಿನ ನವೆಂಬರಿನಲ್ಲಿ ಅದನ್ನೇ ತಿದ್ದಬಹುದು. ನನ್ನದು ಹಾಗೇ ಆದದ್ದು.